ಆರೋಗ್ಯವಂತರ ಸಾಲು

ಮಗಳ ಫೋನು ಬಂದಾಗ ಅವನು ಶೇವ್ ಮಾಡಿಕೊಳ್ಳುತ್ತಿದ್ದ. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ ಹಾಗೇ ಇತ್ತು. "ಅಪ್ಪಾ, ಗಾಬರಿ ಮಾಡ್ಕೋಬೇಡ" ಎಂದು ಶುರುಮಾಡಿದಳು. ಹಾಗೆ ಶುರುವಾಗುವ ಮಾತು ಕೇಳಿ ಗಾಬರಿಯಾಗದ ಅಪ್ಪ ಎಲ್ಲಿದ್ದಾನೆ? ಬಸುರಿಯರಿಗೆ ಮಾಡುವ ಮಾಮೂಲಿ ರಕ್ತಪರೀಕ್ಷೆಯಂತೆ, ಅದರಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆಯಂತೆ. "ಡಾಕ್ಟರಿಗೆ ನಿನ್ನ ಹೆಸರು ಹೇಳಿದ್ದೇ ತಡ, ನಕ್ಕುಬಿಟ್ರು. ಅವರ ಮಗಳಿಗೆ ನಾನೇನಮ್ಮ ಹೇಳ್ಲಿ, ಮನೆಯಲ್ಲೇ ಕೇಳ್ಕೊಳ್ಳಿ ಅಂದ್ರು." ಅವನೂ ನಕ್ಕ. ನಗುತ್ತಲೇ, ಸಾವಿರ ಸಲ ಹೇಳಿ ಬಾಯಿಪಾಠವಾದದ್ದನ್ನು ಹೇಳಿದ. ಮಗುವಿಗೆ ಏನೂ ಆಗಲ್ಲ, ಹುಟ್ಟಿದ ತಕ್ಷಣ ಎರಡು ಇಂಜೆಕ್ಷನ್ ಕೊಡ್ತಾರೆ, ನಿನಗೆ ಕೊನೇ ತಿಂಗಳುಗಳಲ್ಲಿ ಬೇಕಾದ್ರೆ ಒಂದು ಮಾತ್ರೆ, ಅಷ್ಟೇ, ಈಗೆಲ್ಲ ಇದು ದೊಡ್ಡ ವಿಷಯವೇ ಅಲ್ಲ. "ಅದು ಸರಿ ಅಪ್ಪಾ. ನಂಗೆ ಬಂದಿದ್ದೆಲ್ಲಿಂದ? ಸ್ಕೂಲಿಗೆ ಹೋಗೋವಾಗ ನೀನೇ ಕೈ ಹಿಡ್ಕೊಂಡು ಹೋಗಿ ಇದರ ಇಂಜೆಕ್ಷನ್ ಹಾಕ್ಸಿದ್ದೆ." ಅವನು ರೇಜರ್ ಕೆಳಗಿಟ್ಟ. ಮಗಳ ಧ್ವನಿ ಇಳಿಯಿತು. "ಇಲ್ಲಿ ಅತ್ತೆ ನನ್ನ ತಟ್ಟೆ ಲೋಟ ಬೇರೆ ಎತ್ತಿಟ್ಟಿದಾರೆ. ಬಾಯಿಬಿಟ್ಟು ಏನೂ ಅಂದಿಲ್ಲ. ಆದ್ರೆ ಮದುವೆಗೆ ಮುಂಚೆ ನಾನು ಎಲ್ಲೆಲ್ಲಿದ್ದೆ, ಯಾರ್ಯಾರ ಜೊತೆ ಓಡಾಡ್ತಿದ್ದೆ ಅಂತ ಮಗನ್ನ ಕೇಳಿದಾರೆ. ನೀನು ಒಂದು ಮಾತು ಹೇಳು ಸಾಕು. ನೀನು ಹೇಳಿದ್ರೆ ಅವರು ನಂಬ್ತಾರೆ." ಸಂಜೆ ಹೇಳ್ತೀನಿ ಎಂದ. ನೊರೆ ಆಗಲೇ ಒಣಗಿ ಚರ್ಮ ಬಿಗಿಯುತ್ತಿತ್ತು. ಅಡುಗೆಮನೆಯಿಂದ ಹೆಂಡತಿ "ಯಾರು?" ಎಂದಳು. "ಪುಟ್ಟಿ. ಚೆನ್ನಾಗಿದಾಳಂತೆ" ಎಂದು ಹೇಳಿ ಉಳಿದ ಕೆನ್ನೆಗೆ ರೇಜರ್ ಎಳೆದ.

ಎಲ್ಲಿಂದ ಬಂತು ಎಂಬುದು ಅವನಿಗೆ ಗೊತ್ತಿಲ್ಲದ ಪ್ರಶ್ನೆಯೇ? ಈ ಪ್ರಶ್ನೆಗೆ ಉತ್ತರ ಹೇಳಿಯೇ ಅವನು ಹೆಸರು ಮಾಡಿದ್ದು. ವೈರಸ್ ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ದಾಟುತ್ತದೆ, ಸದ್ದಿಲ್ಲದೆ ಇಬ್ಬರ ಮೈಯಲ್ಲೂ ವರ್ಷಗಟ್ಟಲೆ ಕೂತಿರುತ್ತದೆ, ಒಂದು ದಿನ ನೋಡಿದರೆ ಲಿವರ್ ಒಣಗಿ ಗಟ್ಟಿಯಾಗಿರುತ್ತದೆ. ಇದನ್ನು ಅವನು ಎಷ್ಟೋ ಲೇಖನಗಳಲ್ಲಿ ಬರೆದಿದ್ದ, ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಂಡಿದ್ದ. ದೊಡ್ಡವಳಾದ ಮೇಲೆ ಮಗಳಿಗೆ ಹಾಕಿಸಿದ ಇಂಜೆಕ್ಷನ್, ಕಳ್ಳ ಒಳಗೆ ಸೇರಿಕೊಂಡ ಮೇಲೆ ಹೊರಗಿನಿಂದ ಹಾಕಿದ ಬೀಗದ ಹಾಗೆ. ನೆಂಟರ ಮಕ್ಕಳೆಲ್ಲ ಅವನನ್ನು ಲಿವರ್ ಮಾವ ಎಂದೇ ಕರೆಯುವುದು. ಲಿವರ್ ಮಾವ ಮನುಷ್ಯರ ಮುಖ ನೋಡಲ್ಲ, ಕಣ್ಣಿನ ಬಿಳಿ ನೋಡ್ತಾನೆ ಎಂಬುದು ಮನೆಯ ಹಳೇ ತಮಾಷೆ. ಮದುವೆಮನೆಯಲ್ಲಿ ಕೆಲವರು ಅವನೆದುರು ಬಂದು ಕೆಳರೆಪ್ಪೆ ಎಳೆದು ನಿಲ್ಲುತ್ತಾರೆ, ಪಾಸಾ ಫೇಲಾ ಅಂತ. ಅವನು ಅವರ ಭುಜ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಕಾಮಾಲೆಯನ್ನು ದೀಪದ ಬೆಳಕಿನಲ್ಲಿ ನೋಡಬಾರದು, ಹಗಲು ಬೆಳಕಿನಲ್ಲೇ ನೋಡಬೇಕು. ಶೇವ್ ಮುಗಿಸಿ ಅಡುಗೆಮನೆಯಲ್ಲಿ ಕೂತಾಗ ಹೆಂಡತಿ ಕಾಫಿ ತಂದು ಎದುರಿಗಿಟ್ಟಳು. ಆ ಅಡುಗೆಮನೆಗೆ ಕಿಟಕಿ ಇಲ್ಲ, ಹಗಲಲ್ಲೂ ಹಳದಿ ಬಲ್ಬು. ಅದರ ಕೆಳಗೆ ಹಾಲೂ ಹಳದಿಯೇ, ಗೋಡೆಯೂ ಹಳದಿಯೇ. ಬಾ ಇಲ್ಲಿ ಅಂತ ಹಜಾರದ ಕಿಟಕಿಯ ಹತ್ತಿರ ಕರೆದರೆ ಮುಗಿಯಿತು, ನಾಲ್ಕು ಹೆಜ್ಜೆ. ಅವನು ಕರೆಯಲಿಲ್ಲ. ತಲೆ ಬಗ್ಗಿಸಿದ. ತಲೆ ಬಗ್ಗಿಸಿದ್ದಕ್ಕೆ ಅವಳ ಪಾದ ಕಂಡಿತು. ಊದಿಕೊಂಡಿತ್ತು, ಚಪ್ಪಲಿಯ ಪಟ್ಟಿ ಇದ್ದ ಜಾಗದಲ್ಲಿ ಮಾಂಸ ತಗ್ಗಾಗಿ ಉಳಿದಿತ್ತು. ನೋಡಿದ್ದನ್ನು ಅವಳು ನೋಡಿ, "ವಯಸ್ಸಾಯ್ತಲ್ಲ, ನಿಂತೂ ನಿಂತೂ ಹೀಗಾಗಿದೆ" ಎಂದಳು. ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅಂಗೈ ಕೆಂಪಗಿರುವುದನ್ನು ಅವನು ಎರಡು ವರ್ಷದಿಂದ ಕಂಡಿದ್ದ. ಬಣ್ಣ ಅಂದುಕೊಂಡಿದ್ದ. ಬೇರೆ ಯಾವ ಹೆಂಗಸಿನ ಅಂಗೈ ಹಾಗಿದ್ದರೂ ಅವನು ಬಣ್ಣ ಅಂದುಕೊಳ್ಳುತ್ತಿರಲಿಲ್ಲ.

ಬಸ್ಸಿನಲ್ಲಿ ನಿಂತುಕೊಂಡೇ ಹೋದ. ಮಗಳಿಗೆ ಇನ್ನೆಲ್ಲಿಂದಾದರೂ ಬಂದಿರಬಾರದೇಕೆ ಎಂದು ಹುಡುಕತೊಡಗಿದ. ಹಲ್ಲು ಕೀಳಿಸಿದ್ದು. ಚಿಕ್ಕಂದಿನಲ್ಲಿ ಜ್ವರಕ್ಕೆ ಯಾವನೋ ಡಾಕ್ಟರು ಕುದಿಸದ ಸೂಜಿ ಚುಚ್ಚಿದ್ದು. ಹಾಸ್ಟೆಲಿನಲ್ಲಿ ಗೆಳತಿಯರ ಬ್ಲೇಡು. ಒಂದೊಂದನ್ನೂ ಹಿಡಿದು ನೋಡಿ ಬಿಡುತ್ತಿದ್ದ, ಒಂದೂ ಭಾರ ತಡೆಯುತ್ತಿರಲಿಲ್ಲ. ತನ್ನಿಂದಲೇ ಬಂದಿದ್ದರೆ ಎಂದುಕೊಂಡ, ಅದರಲ್ಲಿ ಒಂದು ಬಗೆಯ ಸಮಾಧಾನವಿತ್ತು. ಆದರೆ ಕೆಲಸದ ನಿಯಮಕ್ಕೆಂದು ಅವನ ರಕ್ತವನ್ನು ಎಷ್ಟೋ ಸಲ ನೋಡಿದ್ದಾರೆ, ಅವನಲ್ಲಿ ಏನೂ ಇಲ್ಲ. ಆಮೇಲೆ, ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ, ಮಗಳ ಅತ್ತೆಯ ಅನುಮಾನವೇ ನಿಜವಾಗಿರಬಾರದೇಕೆ ಎನ್ನಿಸಿತು. ಓದುವಾಗ ಯಾರನ್ನೋ ಹಚ್ಚಿಕೊಂಡಿದ್ದಿರಬಹುದು, ಯಾವನೋ ಒಬ್ಬ, ಅವನಿಂದ ಬಂದಿರಬಹುದು. ಅನ್ನಿಸಿದ್ದಷ್ಟೇ ಅಲ್ಲ, ಆ ಯಾವನೋ ಒಬ್ಬ ಇದ್ದಿರಲಿ ಎಂದು ಅವನು ಆಸೆಪಟ್ಟ, ಮನಸ್ಸಿನಲ್ಲೇ ಕೈಮುಗಿಯುವಷ್ಟು ಆಸೆಪಟ್ಟ. ಸಿಗ್ನಲ್ ಬಿಟ್ಟಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕಂಡಕ್ಟರ್ ಚಿಲ್ಲರೆ ಕೊಡುತ್ತ "ಏನ್ ಸಾರ್ ಹಂಗೆ ನೋಡ್ತೀರಾ?" ಎಂದ. ಅವನು ಕಂಡಕ್ಟರನ ಕಣ್ಣಿನ ಬಿಳಿಯನ್ನು ದಿಟ್ಟಿಸುತ್ತಿದ್ದ. ಬೆಳ್ಳಗೆ, ಬೇಯಿಸಿದ ಮೊಟ್ಟೆಯ ಹಾಗೆ ಬೆಳ್ಳಗೆ ಇತ್ತು. "ಏನಿಲ್ಲ" ಎಂದು ಆಚೆ ತಿರುಗಿದ.

ಮಗಳು ಹುಟ್ಟುವುದಕ್ಕೂ ಮುಂಚಿನ ಮಾತು, ಆಗ ಪ್ರಯೋಗಾಲಯ ಹಳೇ ಕಟ್ಟಡದ ಹಿಂದಿನ ಉದ್ದನೆಯ ಕೋಣೆಯಲ್ಲಿತ್ತು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಅವನ ಮೊದಲ ಲೇಖನದ ಕೆಲಸ. ಲಿವರ್ ಕೆಟ್ಟವರ ರಕ್ತ ಬೇಕಾದಷ್ಟು ಸಿಗುತ್ತಿತ್ತು, ವಾರ್ಡಿನ ತುಂಬ ಅವರೇ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕು, ಅದಕ್ಕೆ ಪರದಾಟ. ಏನೂ ಆಗದ ಮನುಷ್ಯ ಆಸ್ಪತ್ರೆಗೆ ಬಂದು ತೋಳು ಯಾಕೆ ಕೊಡುತ್ತಾನೆ? ಸಾಲದೆ ಬಂದಾಗ ಪ್ರಯೋಗಾಲಯದವರೇ ತೋಳು ಮಡಚಿ ಕೂರುವುದು ಅಲ್ಲಿನ ರೂಢಿ. ಗುಮಾಸ್ತ, ಗುಡಿಸುವವಳು, ಬಾಗಿಲಲ್ಲಿ ಸಿಕ್ಕವರು, ಯಾರಾದರೂ ಆದೀತು. ಅವರ ಸೀಸೆಗಳನ್ನು ನಿಲ್ಲಿಸುವ ಮರದ ಪಟ್ಟಿಗೆ ಆರೋಗ್ಯವಂತರ ಸಾಲು ಎಂದು ಹೆಸರು. ಒಂದು ದಿನ ಹೆಂಡತಿ ಊಟದ ಡಬ್ಬಿ ತಂದಿದ್ದಳು. "ಮೇಡಂ, ಡಬ್ಬಿ ಒಂದೇ ಸಾಲದು, ತೋಳೂ ಕೊಡಿ" ಎಂದ ಒಬ್ಬ ಜೊತೆಗಾರ. ಅವಳು ನಾಚಿಕೊಂಡು ಬಳೆ ಮೇಲೆ ಸರಿಸಿ ಕೂತಳು. ಸೂಜಿ ಚುಚ್ಚಿದ್ದು ಅವನೇ. ಅಂದಿನಿಂದ ಅಲ್ಲಿಯವರೆಲ್ಲರ ಬಾಯಲ್ಲಿ ಅವಳು ನಾರ್ಮಲ್ ಮೇಡಂ. ಅವಳಿಗೂ ಅದೊಂದು ಹೆಮ್ಮೆ. ಜಗಳ ಬಂದಾಗಲೆಲ್ಲ, "ನಾನು ನಾರ್ಮಲ್ ಅಂತ ಅಚ್ಚಾಗಿದೆ ಕಣ್ರೀ, ನೀವೇ ಅಚ್ಚು ಹಾಕ್ಸಿರೋದು, ನಿಮ್ಮ ವಿಷಯ ನೋಡ್ಕೊಳ್ಳಿ" ಎನ್ನುತ್ತಿದ್ದಳು. ಸೀಸೆಗಳ ಮೇಲೆ ಹೆಸರು ಬರೆಯುವ ಹಾಗಿರಲಿಲ್ಲ. ಯಾರದ್ದು ಯಾವುದೆಂದು ಪರೀಕ್ಷೆ ಮಾಡುವವನಿಗೆ ಗೊತ್ತಾಗಬಾರದು. ಆ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು. ಎಲ್ಲರ ರಕ್ತವನ್ನೂ ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಹನಿಸಿ, ಔಷಧಿ ಹಾಕಿ ಕಾಯಬೇಕು. ವೈರಸ್ ಇದ್ದ ಗುಳಿ ಹಳದಿಯಾಗುತ್ತದೆ. ರೋಗಿಗಳ ಸಾಲು ಅಲ್ಲಲ್ಲಿ ಹಳದಿಯಾಯಿತು, ಅವನು ಎಣಿಸಿದ್ದ ಹಾಗೇ ಆಯಿತು. ಪಕ್ಕದಲ್ಲಿ ಆರೋಗ್ಯವಂತರ ಸಾಲು ನೀರಿನ ಹಾಗೆ ತಿಳಿಯಾಗಿತ್ತು, ಒಂದು ಗುಳಿಯನ್ನು ಬಿಟ್ಟು.

ಇನ್‌ಸ್ಟಿಟ್ಯೂಟಿನ ಸ್ಟೋರಿಗೆ ಬಸ್ಸಿಳಿದವನೇ ಹೋಗಿ ಹೆಪಟೈಟಿಸ್ ಬಿ ಪರೀಕ್ಷೆಯ ಕಾರ್ಡು ಕೇಳಿದ. ಬೆರಳಿನ ಒಂದು ಹನಿ ರಕ್ತ ಹಾಕಿದರೆ ಸಾಕು, ಒಂದು ಗೆರೆ ಬಂದರೆ ಏನಿಲ್ಲ, ಎರಡು ಬಂದರೆ ಇದೆ. ಸ್ಟೋರ್‌ಕೀಪರ್ ಕನ್ನಡಕ ಏರಿಸಿ, "ನಿಮಗ್ಯಾಕೆ ಸಾರ್ ಈ ಮಕ್ಕಳಾಟದ್ದು? ಮೇಲೆ ಅಷ್ಟು ದೊಡ್ಡ ಮಿಷನ್ನೇ ಇದೆಯಲ್ಲ" ಎಂದ. "ಸ್ಟೂಡೆಂಟ್ಸ್‌ಗೆ ತೋರ್ಸೋಕೆ" ಎಂದು ಅವನು ಸುಳ್ಳು ಹೇಳಿದ. ಹೇಳಬೇಕಾಗಿರಲಿಲ್ಲ, ಅವನನ್ನು ಲೆಕ್ಕ ಕೇಳುವವರು ಯಾರೂ ಇರಲಿಲ್ಲ. "ಎಷ್ಟು ಕೊಡ್ಲಿ?" "ಒಂದು." "ಒಂದರಲ್ಲಿ ಏನ್ ತೋರಿಸ್ತೀರಿ?" ಎಂದು ಸ್ಟೋರ್‌ಕೀಪರ್ ನಕ್ಕಾಗ, ಹಿಂದೆ ನಿಂತಿದ್ದ ಇಬ್ಬರೂ ನಕ್ಕರು. ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತುವಾಗ, ಅಂಗಡಿಯಲ್ಲಿ ಏನೋ ಕದ್ದು ಹೊರಟವನ ಹಾಗೆ ಜೇಬಿನ ಮೇಲೆ ಕೈಯಿಟ್ಟುಕೊಂಡಿದ್ದ. ಪಾಠ ತಪ್ಪಿಸುವ ಹಾಗಿರಲಿಲ್ಲ. ಲಿವರ್ ಗಟ್ಟಿಯಾದವರ ಲಕ್ಷಣಗಳ ಪಾಠ, ಅವನಿಗೆ ನಿದ್ದೆಯಲ್ಲೂ ಬರುವಂಥದ್ದು. ಕಾಲು ಊದುತ್ತದೆ, ಎಂದ. ಅಂಗೈ ಕೆಂಪಾಗುತ್ತದೆ, ಎಂದ. ರಕ್ತ ಬೇಗ ನಿಲ್ಲುವುದಿಲ್ಲ, ಸಣ್ಣ ಗಾಯವೂ ಬಹಳ ಹೊತ್ತು ಒಸರುತ್ತಿರುತ್ತದೆ, ಹಾಗೆ ಒಸರುತ್ತಿದ್ದರೆ ತಡವಾಗಿದೆ ಎಂದು ತಿಳಿದುಕೊಳ್ಳಿ, ಎಂದ. ಹುಡುಗಿಯೊಬ್ಬಳು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದಳು. ಅವಳು ಬರೆಯುವುದನ್ನು ನಿಲ್ಲಿಸಿದರೆ ತಾನು ಹೇಳಿದ್ದು ಸುಳ್ಳಾದೀತೇನೋ ಎಂಬಂತೆ ಅವನು ಆ ಪೆನ್ನನ್ನೇ ನೋಡುತ್ತಿದ್ದ.

ಪಕ್ಕದ ಗುಳಿಯಿಂದ ಚಿಮ್ಮಿರಬೇಕು ಎಂದುಕೊಂಡಿದ್ದ ಅವತ್ತು. ಆ ಒಂದು ಗುಳಿ ರೋಗಿಯೊಬ್ಬನ ಗುಳಿಗೆ ಒತ್ತಿಕೊಂಡೇ ಇತ್ತು. ಕೈ ಒಂದಿಷ್ಟು ನಡುಗಿದರೂ ಹನಿ ಹಾರುತ್ತದೆ. ಜೊತೆಗಾರ "ಇನ್ನೊಂದ್ಸಲ ನೋಡೋಣವಾ?" ಎಂದು ಕೇಳಿದ್ದ. "ಕಂಟಾಮಿನೇಶನ್. ಬಿಟ್ಟುಬಿಡು" ಎಂದಿದ್ದ ಅವನು. ಬಿಟ್ಟುಬಿಟ್ಟರು. ಆರೋಗ್ಯವಂತರಲ್ಲಿ ಒಬ್ಬರಲ್ಲೂ ವೈರಸ್ ಇಲ್ಲ ಎಂದು ಅಚ್ಚಾಯಿತು. ಲೇಖನ ಓದಿದ ಹಿರಿಯರೊಬ್ಬರು ಇಷ್ಟು ಶುದ್ಧವಾದ ಆರೋಗ್ಯವಂತರ ಗುಂಪನ್ನು ತಾನು ನೋಡಿಯೇ ಇಲ್ಲವೆಂದು ಹೊಗಳಿದ್ದರು. ಈಗ ಅವನನ್ನು ಹೆದರಿಸುತ್ತಿದ್ದುದು ಒಂದೇ ಸಂಗತಿ. ಅವತ್ತು ಅವನು ಸುಳ್ಳು ಹೇಳಿರಲಿಲ್ಲ. ಸುಳ್ಳಾಗಿದ್ದರೆ ಮನಸ್ಸಿನ ಮೂಲೆಯಲ್ಲಿ ಎಲ್ಲೋ ಚುಚ್ಚುತ್ತಿತ್ತು, ಯಾವತ್ತೋ ಒಂದು ದಿನ ಎದ್ದು ಹೋಗಿ ಎಲ್ಲರ ರಕ್ತವನ್ನೂ ಮತ್ತೆ ನೋಡುತ್ತಿದ್ದ. ಅವನು ಪೂರ್ತಿಯಾಗಿ, ಮನಸಾರೆ ನಂಬಿದ್ದ. ಆರೋಗ್ಯವಂತರೆಂದು ಸಾಲಿನಲ್ಲಿ ಕೂರಿಸಿದ ಮೇಲೆ ಅವರಲ್ಲಿ ರೋಗ ಇರುವುದು ಹೇಗೆ? ಮುಂದಿನ ವರ್ಷ ಅವಳು ಬಸುರಿಯಾದಾಗ ಆಸ್ಪತ್ರೆಯ ಡಾಕ್ಟರಮ್ಮ, "ನೀವೇ ಎಲ್ಲರಿಗೂ ಹೇಳ್ತೀರಲ್ಲ, ಇವರದ್ದೂ ಆ ಪರೀಕ್ಷೆ ಮಾಡ್ಸೋಣ್ವಾ?" ಎಂದು ಕೇಳಿದ್ದರು. ಅವನು ನಗುತ್ತ, "ಅವಳದ್ದು ಆಗಿದೆ ಡಾಕ್ಟ್ರೇ. ಅವಳೇ ನಮ್ಮ ನಾರ್ಮಲ್" ಎಂದಿದ್ದ. ಡಾಕ್ಟರಮ್ಮ ನಕ್ಕರು, ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಊರಿನ ಬಸುರಿಯರನ್ನೆಲ್ಲ ಪರೀಕ್ಷೆ ಮಾಡಿಸಿ ಎಂದು ಗಂಟಲು ಹರಿದುಕೊಂಡವನ ಮನೆಯಲ್ಲಿ ಒಬ್ಬಳು ಹೀಗೆ ನಗುತ್ತ ತಪ್ಪಿಸಿಕೊಂಡಳು. ಮೂರು ಜನ ನಕ್ಕಿದ್ದರು, ಹೊಟ್ಟೆಯೊಳಗೆ ನಾಲ್ಕನೆಯದು.

ಅವಳ ಗುಳಿಯೇ ಅದು ಎಂದು ಯಾರು ಹೇಳಿದರು? ಗುಮಾಸ್ತನದ್ದಿರಬಹುದು, ಗುಡಿಸುವವಳದ್ದಿರಬಹುದು. ಮಧ್ಯಾಹ್ನ ಮನೆಯ ಬೀದಿಗೆ ತಿರುಗುವಾಗ ಅವನು ಇನ್ನೂ ಇದನ್ನೇ ಹಿಡಿದು ಜಗ್ಗುತ್ತಿದ್ದ. ಗುಡಿಸುವವಳಿಗೆ ಇರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ ಎಂದು ಗೊತ್ತಾದಾಗ ಹೆಜ್ಜೆ ನಿಧಾನವಾಯಿತು. ಮೂಲೆಯ ಅಂಗಡಿಯವನು "ಏನ್ ಸಾರ್, ಇಷ್ಟು ಬೇಗ?" ಎಂದ. ಶನಿವಾರ, ಹೆಂಡತಿಗೆ ಅರ್ಧ ದಿನ ಶಾಲೆ. ಹಜಾರದ ಕಿಟಕಿಯ ಕೆಳಗೆ ಮಕ್ಕಳ ಚಿತ್ರಗಳನ್ನು ಹರಡಿಕೊಂಡು ಕೂತಿದ್ದಳು. ಬಿಸಿಲು ನೇರವಾಗಿ ಮುಖಕ್ಕೆ ಬೀಳುತ್ತಿತ್ತು. ಈಗ ನೋಡದೆ ಗತಿಯಿರಲಿಲ್ಲ. ಅವನು ಚಪ್ಪಲಿ ಬಿಡುವ ನೆಪದಲ್ಲಿ ಬಾಗಿಲ ಹತ್ತಿರ ಬಗ್ಗಿದ, ಬಗ್ಗಿಯೇ ಇದ್ದ, ಕೊನೆಗೆ ಸೊಂಟ ನೋಯತೊಡಗಿದಾಗ ಎದ್ದ. ಅವಳೇ ತಲೆಯೆತ್ತಿದಳು. ಕಣ್ಣಿನ ಬಿಳಿಗೆ, ಹೊಸದರಲ್ಲಿ ಬಿಳಿಯಾಗಿದ್ದು ಪೆಟ್ಟಿಗೆಯಲ್ಲಿಟ್ಟು ಮರೆತ ಬಟ್ಟೆಯ ಬಣ್ಣ. ಅಷ್ಟೇ, ಹೆಚ್ಚಿಲ್ಲ. ಬೇರೆಯವರಿಗೆ ಕಾಣುವಷ್ಟೂ ಇಲ್ಲ.

"ಯಾಕ್ರೀ, ಮೈ ಸರಿಯಿಲ್ವಾ?" ಎಂದಳು.

"ಪುಟ್ಟಿಗೆ ಪಾಸಿಟಿವ್ ಬಂದಿದೆ. ಹೆಪಟೈಟಿಸ್ ಬಿ." ಇಷ್ಟನ್ನು ಹೇಳಲು ಬಸ್ಸಿನಲ್ಲಿ ಎಷ್ಟೋ ಬಗೆಯ ಪೀಠಿಕೆ ಕಟ್ಟಿಕೊಂಡಿದ್ದ, ಒಂದೂ ಬಾಯಿಗೆ ಬರಲಿಲ್ಲ. ಮಗುವಿಗೇನೂ ಆಗಲ್ಲ ಎಂದು ಗಡಿಬಿಡಿಯಲ್ಲಿ ಸೇರಿಸಿದ. ಅವಳು ಕೈಯಲ್ಲಿದ್ದ ಚಿತ್ರವನ್ನು ಕೆಳಗಿಟ್ಟಳು. ಅವನ ಲೇಖನಗಳನ್ನು ಅವಳು ಓದಿಲ್ಲ, ಆದರೆ ಅಷ್ಟು ವರ್ಷ ಊಟದ ಹೊತ್ತಿನಲ್ಲಿ ಕೇಳಿದ್ದಾಳೆ.

"ಹಾಗಾದ್ರೆ ನಂದು ನೋಡ್ಬೇಕು ಅಂತಾನಾ?"

"ಸುಮ್ನೆ. ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ."

"ನಾನು ನಾರ್ಮಲ್ ಅಲ್ವೇನ್ರೀ" ಎಂದಳು. ನಕ್ಕಳು ಕೂಡ. ಆದರೆ ಕೈ ಆಗಲೇ ಮುಂದೆ ಚಾಚಿತ್ತು. ಅವನು ಕಾರ್ಡನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಬೆರಳಿನ ತುದಿ ಒರೆಸಿ ಚುಚ್ಚಿದ. ಹನಿ ಕಾರ್ಡಿನ ಮೇಲೆ ಬಿತ್ತು. ಬೆರಳಿಗೆ ಹತ್ತಿ ಒತ್ತಿ ಹಿಡಿದುಕೊಂಡು ಅವಳ ಪಕ್ಕದಲ್ಲೇ ಕೂತ. ಇನ್ನು ಕಾಯುವುದು. ರಕ್ತ ಬಿಳಿ ಪಟ್ಟಿಯ ಮೇಲೆ ಮೆಲ್ಲಗೆ ಹರಿಯುತ್ತಿತ್ತು. ಅವಳು ಅದನ್ನು ನೋಡುತ್ತ, ಬೇರೆ ಯಾರದ್ದೋ ವಿಷಯ ಹೇಳುವ ಹಾಗೆ ಹೇಳಿದಳು: "ಎರಡು ತಿಂಗಳಾಯ್ತು. ಶಾಲೆಯಲ್ಲಿ ಕೈ ತೊಳ್ಯೋ ಕಡೆ ಒಂದು ಕನ್ನಡಿ ಇದೆ, ಕಿಟಕಿ ಎದುರಿಗೆ. ಅದರಲ್ಲಿ ಕಣ್ಣು ನೋಡ್ಕೊಂಡೆ. ಬಿಳಿಗೆ ಒಂಚೂರು ಹಳದಿ ಕಲಸಿದ ಹಾಗಿತ್ತು. ನಂಗೆ ಬಣ್ಣ ತಪ್ಪಲ್ಲ."

"ಯಾಕೆ ಹೇಳಲಿಲ್ಲ?" ಧ್ವನಿ ಅವನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿ ಬಂತು.

"ನೀವು ದಿನಾ ನೋಡ್ತೀರಲ್ಲ. ಯಾರ್ಯಾರ ಕಣ್ಣೋ ನೋಡಿ ಹೇಳೋರು, ಏನಾದ್ರೂ ಇದ್ರೆ ನಂಗೂ ಹೇಳ್ತಿದ್ರಿ. ಹೇಳ್ಲಿಲ್ಲ, ಹಾಗಾಗಿ ಏನೂ ಇಲ್ಲ ಅಂತ ಸುಮ್ಮನಾದೆ."

ಅವನು ಅವಳ ಕಡೆ ತಿರುಗಿದ. ಹೇಳಿಬಿಡಬೇಕು, ಈಗಲೇ, ಆ ತಟ್ಟೆಯ ವಿಷಯ, ಆ ಗುಳಿಯ ವಿಷಯ. ಅಷ್ಟರಲ್ಲಿ ಕಾರ್ಡಿನ ಮೇಲೆ ಮೊದಲ ಗೆರೆ ಮೂಡಿತ್ತು, ಅದು ಎಲ್ಲರಿಗೂ ಮೂಡುವುದೇ. ಅದರ ಕೆಳಗೆ ಬಿಳಿ. ಬಿಳಿಯಾಗಿಯೇ ಇರಲಿ ಎಂದು ಅವನು ಹಲ್ಲು ಕಚ್ಚಿದ. ಬಿಸಿಲು ಚಿತ್ರಗಳ ಮೇಲಿಂದ ಸರಿದು ನೆಲಕ್ಕೆ ಬಂತು. ಕೆಳಗೆ ಇನ್ನೊಂದು ಗೆರೆ, ಮೊದಲು ಇದ್ದೂ ಇಲ್ಲದ ಹಾಗೆ, ಆಮೇಲೆ ಇದ್ದ ಹಾಗೆ. ಆಗ ಅವನ ಬಾಯಿ, ಅವನನ್ನು ಒಂದು ಮಾತೂ ಕೇಳದೆ, "ಕಂಟಾಮಿನೇಶನ್" ಎಂದಿತು. "ಕಂಟಾಮಿನೇಶನ್ ಇರ್ಬೇಕು. ಬಿಟ್ಟು..." ಅಲ್ಲಿಗೆ ನಿಂತ. ಅದೇ ಧ್ವನಿ, ಅದೇ ಧೈರ್ಯ. ಅವತ್ತಿನ ಜೊತೆಗಾರ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾನೆ ಎನ್ನಿಸಿತು.

ಅವಳು ಬಗ್ಗಿ ಕಾರ್ಡನ್ನು ನೋಡಿದಳು. "ಎರಡು ಗೆರೆ ಇದೆಯಲ್ರೀ" ಎಂದಳು. ಅವನು ಕಾರ್ಡಿನಿಂದ ಕಣ್ಣು ತೆಗೆಯದಿದ್ದುದನ್ನು ಕಂಡು, ಸಮಾಧಾನ ಮಾಡುವವಳ ಹಾಗೆ ಇನ್ನೊಂದು ಕೈ ಚಾಚಿದಳು. "ಬೇಕಾದ್ರೆ ಈ ಕೈಯಿಂದ ಇನ್ನೊಂದ್ಸಲ ತಗೊಳ್ಳಿ. ನಂಗೇನು ನೋವಿಲ್ಲ."

"ಇರು. ಮೊದಲು ಇದು ನಿಲ್ಲಲಿ" ಎಂದ.

ಫೋನು ಹೊಡೆದುಕೊಂಡಿತು. ಮಗಳು. ಸಂಜೆಯವರೆಗೆ ಕಾಯಲು ಅವಳಿಂದ ಆಗಿರಲಿಲ್ಲ. ಅವನು ಎತ್ತಲಿಲ್ಲ, ಎತ್ತುವ ಹಾಗೂ ಇರಲಿಲ್ಲ, ಎರಡು ಕೈಯಲ್ಲೂ ಹೆಂಡತಿಯ ಬೆರಳು ಹಿಡಿದಿದ್ದ. ಚಾಚಿದ್ದ ಕೈಯಿಂದ ಅವಳೇ ಎತ್ತಿ ಕಿವಿಗಿಟ್ಟುಕೊಂಡಳು. "ಪುಟ್ಟೀ, ನಾನು ಕಣೇ. ಅಳ್ಬೇಡ, ಕೇಳು. ನಿಂಗೆ ನನ್ನಿಂದಲೇ ಬಂದಿರೋದು. ಹ್ಞೂಂ, ಈಗಷ್ಟೇ ನೋಡಿದ್ವಿ. ನಿಮ್ಮತ್ತೆಗೆ ಫೋನ್ ಕೊಡು, ನಾನೇ ಹೇಳ್ತೀನಿ, ನಮ್ಮ ಹುಡುಗಿ ಹೊಟ್ಟೆಯಿಂದ ಬರುವಾಗಲೇ ತಂದಿದ್ದು, ಹೊರಗೆಲ್ಲೂ ಸಂಪಾದಿಸಿದ್ದಲ್ಲ ಅಂತ. ಆ ತಟ್ಟೆ ಲೋಟ ಎಲ್ಲರದ್ರ ಜೊತೆಗೇ ಇಡ್ಬೇಕು ಅಂತಾನೂ ಹೇಳ್ತೀನಿ." ತಟ್ಟೆ ಲೋಟದ ವಿಷಯ ಅವಳಿಗೆ ಯಾರು ಹೇಳಿದರು? ಮಗಳು ಅಪ್ಪನಿಗಿಂತ ಮೊದಲು ಅಮ್ಮನಿಗೇ ಫೋನ್ ಮಾಡಿದ್ದಳೇ? ಬೆಳಗ್ಗೆಯಿಂದ ಇವಳಿಗೆ ಗೊತ್ತಿತ್ತೇ? ಅವನು ಹತ್ತಿಯನ್ನು ಇನ್ನಷ್ಟು ಒತ್ತಿ ಹಿಡಿದ. ಆ ಕಡೆಯಿಂದ ಮಗಳು ಏನೋ ಕೇಳುತ್ತಿದ್ದಳು, ಬಹಳ ಹೊತ್ತು ಕೇಳಿದಳು. "ಅಪ್ಪನ್ನ ಯಾಕೆ ಅಂತೀಯ?" ಎಂದಳು ಹೆಂಡತಿ. "ಪಾಪ, ಅವರಿಗೆ ಹೇಗೆ ಗೊತ್ತಾಗ್ಬೇಕು? ಗೊತ್ತಿದ್ದಿದ್ರೆ ಬಿಡ್ತಿದ್ರಾ? ಇಲ್ಲೇ ಇದಾರೆ. ನನ್ನ ಬೆರಳು ಹಿಡ್ಕೊಂಡು ಕೂತಿದಾರೆ."

ಅವನು ಹತ್ತಿ ತೆಗೆದು ನೋಡಿದ. ಪೂರ್ತಿ ನೆನೆದಿತ್ತು. ಹೊಸ ಹತ್ತಿ ತೆಗೆದುಕೊಳ್ಳುವಷ್ಟರಲ್ಲಿ ಬೆರಳ ತುದಿಯಲ್ಲಿ ಇನ್ನೊಂದು ಹನಿ ತುಂಬಿಕೊಂಡು, ಮಗುವೊಂದು ಬರೆದಿದ್ದ ಮನೆಯ ಮೇಲೆ ಬಿತ್ತು.